ಒಗೆಯದ ಬಟ್ಟೆಗಳು

“ಏ ಮುದಿ ಗೂಬೆ, ಕಿವಿಗೇನು ಸೋಪು ತುಂಬ್ಕೊಂಡಿದ್ದೀಯಾ? ಎಷ್ಟು ಸಲ ಕೂಗ್ಬೇಕು ನಿನ್ನ? ಹಿಡ್ಕೋ ಇದನ್ನ.”

ಸೂಪರ್‌ವೈಸರ್ ಎಸೆದ ಅಂಗಿ ದೊಡ್ಡಮ್ಮನ ಮುಖಕ್ಕೆ ಬಡಿದು ತೊಟ್ಟಿಯ ಅಂಚಿಗೆ ಬಿತ್ತು. ಅವನು ಬರೀ ಬನಿಯನ್ನಿನಲ್ಲಿ ನಿಂತಿದ್ದ. ಲಾಂಡ್ರಿ ಮಾಲೀಕನ ಹೆಂಡತಿಯ ತಮ್ಮ ಎನ್ನುವ ಒಂದೇ ಅರ್ಹತೆಯ ಮೇಲೆ ಸೂಪರ್‌ವೈಸರ್ ಆದವನು. ಆ ಅರ್ಹತೆಗೆ ಕುಂದು ಬರಬಾರದೆಂದು ಇಷ್ಟು ವರ್ಷವೂ ಬೇರೆ ಯಾವ ಕೆಲಸವನ್ನೂ ಕಲಿತಿರಲಿಲ್ಲ.

ಬಿಳಿ ಅಂಗಿ. ಬಲತೋಳಿನ ಮೇಲೂ ಎದೆಯ ಮೇಲೂ ರಕ್ತ, ಇನ್ನೂ ಹಸಿ.

“ಏನಾಯ್ತು ಸಾರ್, ಮೂಗೊಡೀತಾ?”

“ಕೋಳಿ ಕುಯ್ದೆ. ನಿನಗ್ಯಾಕೆ ಅಧಿಕಪ್ರಸಂಗ? ಊಟದ ಹೊತ್ತಿಗೆ ಬೇಕು. ಒಂದು ಚುಕ್ಕೆ ಉಳಿದ್ರೂ ಚರ್ಮ ಸುಲೀತೀನಿ, ಮುಂಡೆ.”

ಇವನು ಯಾವತ್ತು ಕೋಳಿ ಕುಯ್ದಾನು, ಕುಯ್ದದ್ದನ್ನು ತಿನ್ನುವುದರಲ್ಲಷ್ಟೇ ಎತ್ತಿದ ಕೈ ಎಂದು ದೊಡ್ಡಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಅಷ್ಟರಲ್ಲಿ ಅವಳ ಕೈ ಉಪ್ಪಿನ ಡಬ್ಬಕ್ಕೆ ಹೋಗಿಯಾಗಿತ್ತು. ಆ ಲಾಂಡ್ರಿ ಊರಿನ ಕೊಳೆಯೆಲ್ಲ ಬಂದು ಬೀಳುವ ಜಾಗ. ಹೋಟೆಲು, ಆಸ್ಪತ್ರೆ, ಪೊಲೀಸ್ ಠಾಣೆ, ದೊಡ್ಡವರ ಮನೆಗಳು, ಎಲ್ಲರ ಬಟ್ಟೆಯೂ ಅಲ್ಲಿಗೇ ಬರಬೇಕು. ಗೇಟಿನ ಪಕ್ಕದಲ್ಲಿ ಕಲೆ ತೆಗೆಯುವ ತೊಟ್ಟಿ, ಅದು ದೊಡ್ಡಮ್ಮನದು. ಎಣ್ಣೆ, ಶಾಯಿ, ವಾಂತಿ, ಏನು ಬಂದರೂ ಅವಳ ಹತ್ತಿರ ಮದ್ದಿತ್ತು. ರಕ್ತಕ್ಕೆ ತಣ್ಣೀರು, ಉಪ್ಪು. ಬಿಸಿನೀರು ತಾಕಿದರೆ ಕಚ್ಚಿಕೊಂಡುಬಿಡುತ್ತದೆ. ಯಾರ ರಕ್ತ ಎಂದು ಕೇಳುವುದು ಅವಳ ಕೆಲಸದಲ್ಲಿ ಸೇರಿರಲಿಲ್ಲ. ಈ ಹೊತ್ತು ಕೇಳಿದ್ದೇ ಹೆಚ್ಚು.

ಅಂಗಿ ಹಾಲಿನ ಹಾಗೆ ಬೆಳ್ಳಗಾಯಿತು. ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ತನ್ನ ಕೆಲಸದ ಬಗ್ಗೆ ಸ್ವಲ್ಪ ಜಂಬವೂ ಆಯಿತು. ಹಗ್ಗಕ್ಕೆ ಹಾಕಲು ಮಗುವನ್ನು ಕರೆದಳು.

“ಏ ಚಟಾಕು, ಎಲ್ಲಿ ಸತ್ತಿದ್ದೀಯೇ? ಬಾ ಇಲ್ಲಿ.”

ಚಟಾಕು ಅವಳ ಸತ್ತ ತಂಗಿಯ ಮಗಳು, ಏಳು ವರ್ಷದವಳು. ಅಳತೆಗೆ ಸಿಗದಷ್ಟು ಸಣ್ಣಗಿದ್ದುದರಿಂದ ಆ ಹೆಸರು. ಅವಳು ದೊಡ್ಡಮ್ಮ, ದೊಡ್ಡಮ್ಮ ಎಂದು ದಿನವಿಡೀ ಕೂಗಿ ಕೂಗಿ, ಬಿಳಿ ಮೀಸೆಯ ಬಾಯ್ಲರ್ ತಾತನೂ ಸೇರಿ, ಮಾಲೀಕ ಕೆಲಸದವರಿಗೆ ಕೊಟ್ಟಿದ್ದ ಸಾಲುಮನೆಯವರೆಲ್ಲ ಇವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ಕರೆದರೆ ಬರುವ ಜಾಯಮಾನದ ಹುಡುಗಿಯಲ್ಲ ಅದು. ದೊಡ್ಡಮ್ಮ ಇನ್ನೊಂದು ಸಲ ಬೈದು, ಅಂಗಿಯನ್ನು ತಾನೇ ಹಗ್ಗಕ್ಕೆ ಹಾಕಿದಳು.

ಬಿಳಿ ಬಟ್ಟೆಗೆ ನೀಲಿ ಹಾಕುವ ನೀಲಕ್ಕ ನೀರಿಗೆಂದು ಹಿಂದಿನ ಜಾಲಿಸುವ ತೊಟ್ಟಿಗೆ ಹೋದವಳು ಅಲ್ಲಿಂದಲೇ ಚೀರಿದಳು.

ದೊಡ್ಡಮ್ಮನೇ ಇಳಿದು ಎತ್ತಿದಳು. ನೆನೆದ ಕಂಬಳಿಗಳನ್ನೆತ್ತಿ ಪಳಗಿದ ತೋಳುಗಳಿಗೆ ಚಟಾಕು ಒಂದು ಭಾರವೇ ಆಗಲಿಲ್ಲ. ಹಿಂದಲೆ ಒಡೆದಿತ್ತು. ನೀರಿನಲ್ಲಿದ್ದು ಗಾಯ ತೊಳೆದ ಹಾಗೆ ಬೆಳ್ಳಗಿತ್ತು. ದೊಡ್ಡಮ್ಮ ಗಾಯ ನೋಡಿದಳು, ತನ್ನ ಅಂಗೈ ನೋಡಿಕೊಂಡಳು, ಆಮೇಲೆ ಹಗ್ಗದ ಕಡೆ ನೋಡಿದಳು. ಅಂಗಿ ಅಲ್ಲಿರಲಿಲ್ಲ. ಊಟದ ಹೊತ್ತಾಗಿತ್ತು.

ಮಾಲೀಕ ಬಂದ. ಅವನ ಕಾರಿನಲ್ಲೇ ಇನ್ಸ್‌ಪೆಕ್ಟರೂ ಬಂದ. ಇಬ್ಬರೂ ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿ, ಪಾಚಿ ಇದೆ, ಜಾರುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಬಾಯ್ಲರ್ ತಾತ ಬೆಳಿಗ್ಗೆಯಷ್ಟೇ ಅದನ್ನು ಉಜ್ಜಿ ತೊಳೆದಿದ್ದ. ಅದನ್ನು ಹೇಳಬೇಕೆಂದು ಅವನು ಬಾಯಿ ತೆರೆದ. ಮಾಲೀಕ ಅವನ ಮುಖ ನೋಡಿದ. ತಾತ ಆಕಳಿಸಿ ಬಾಯಿ ಮುಚ್ಚಿದ.

“ಮಕ್ಕಳನ್ನ ಕೆಲಸದ ಜಾಗಕ್ಕೆ ಬಿಡಬಾರದು ಅಂತ ಬೋರ್ಡ್ ಹಾಕ್ಸಿದ್ದೀನಿ,” ಎಂದ ಮಾಲೀಕ. “ಓದೋಕೆ ಬರ್ದೇ ಇರೋರಿಗೆ ಏನು ಮಾಡೋಣ ಸಾರ್?”

ಬೋರ್ಡು ಸಂಜೆ ಬಂತು. ಗೇಟಿಗೆ ಹೊಡೆಯುವಾಗ ಬಣ್ಣ ಇನ್ನೂ ಒಣಗಿರಲಿಲ್ಲವಾದ್ದರಿಂದ ಮೊಳೆ ಹೊಡೆದವನ ಕೈಗೆಲ್ಲ ಕೆಂಪು ಹತ್ತಿತು.

ಮಗುವನ್ನು ಮಣ್ಣು ಮಾಡಿ ಬಂದ ಮಾರನೆಯ ದಿನವೇ ಹೋಟೆಲಿನ ಗಾಡಿ ಬಂತು. ಯಾರು ಸತ್ತರೇನು, ಚಾದರಗಳು ಕೊಳೆಯಾಗುವುದು ನಿಲ್ಲುವುದಿಲ್ಲ. ಸಾಲುಮನೆಯ ತಾಯಂದಿರು ಕೆಲಸಕ್ಕೆ ಹೊರಡುವಾಗ ಮಕ್ಕಳ ಕಾಲನ್ನು ಮಂಚದ ಕಾಲಿಗೆ ಕಟ್ಟತೊಡಗಿದರು. ಹರಟೆಮಲ್ಲಿ ಎಂದು ಹೆಸರಾದ ನೀಲಕ್ಕನೂ ತುಟಿಪಿಟಕ್ಕೆನ್ನದೆ ನೀಲಿ ಕಲಸುತ್ತಿದ್ದಳು. ಎಲ್ಲರಿಗೂ ಏನೋ ಗೊತ್ತಿತ್ತು. ಗೊತ್ತಿರುವುದು ಮುಖದಲ್ಲಿ ಕಂಡೀತೆಂದು ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸೂಪರ್‌ವೈಸರ್ ಮಾತ್ರ ಎಂದಿನಂತೆ ಬಂದು ಎಂದಿನಂತೆ ಬೈದ. ಬೈಗುಳಗಳ ಮಧ್ಯೆ ಒಮ್ಮೆ, “ದೊಡ್ಡಮ್ಮನಿಗೆ ಟೀ ಕೊಡ್ರೋ,” ಎಂದೂ ಹೇಳಿದ. ಅವನ ಬಾಯಲ್ಲಿ ಅವಳು ದೊಡ್ಡಮ್ಮ ಆದದ್ದು ಅದೇ ಮೊದಲು.

ಟೀ ತಂದವನು ಇಸ್ತ್ರಿ ಮಾವ. ಲೋಟ ಇಟ್ಟು ಹೋಗದೆ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ.

“ದೊಡ್ಡಮ್ಮಾ, ನಾನು ನೋಡ್ದೆ.”

“ಏನು ನೋಡ್ದೆ?”

“ಹಿಂದಿನ ಹಗ್ಗಕ್ಕೆ ಗಳ ಕೊಟ್ಟಿರ್ತೀವಲ್ಲ, ಅದನ್ನ ಹಿಡ್ಕೊಂಡು ಜೋತಾಡ್ತಿತ್ತು ಮಗು. ಗಳ ಜಾರ್ತು. ಚಾದರದ ಸಾಲು ಪೂರ್ತಿ ಮಣ್ಣಿಗೆ ಬಿತ್ತು. ಆ ಬೋಳಿಮಗ ಅದೇ ಗಳ ತಗೊಂಡು ಹೊಡೆದ.”

“ಹೇಳು.”

“ಎರಡನೇ ಏಟಿಗೆ ಅದು ಬಿದ್ದಿತ್ತು. ಆಮೇಲೂ ಹೊಡೆದ. ಎತ್ತಿ ಎದೆಗಾನಿಸ್ಕೊಂಡು ಹೋಗಿ ತೊಟ್ಟಿಗೆ ಹಾಕ್ದ. ನೀರಲ್ಲಿ ಕೈ ತೊಳ್ಕೊಂಡ.”

“ನೀನೇನು ಮಾಡ್ತಿದ್ದೆ?”

“ಇಸ್ತ್ರಿ,” ಎಂದ ಇಸ್ತ್ರಿ ಮಾವ. “ಕಿಟಕಿ ಹತ್ರ ನಿಂತಿದ್ದೆ. ಪೆಟ್ಟಿಗೆ ಎತ್ತೋದು ಮರೆತು ವಕೀಲರ ಪ್ಯಾಂಟು ಸುಟ್ಟೋಯ್ತು. ಅದನ್ನ ಬಚ್ಚಿಡೋಕೆ ಓಡ್ದೆ ನೋಡು. ಮಗು ಕಡೆ ಓಡ್ಲಿಲ್ಲ.”

ದೊಡ್ಡಮ್ಮ ಅವನ ಮುಖಕ್ಕೆ ಉಗಿಯಬಹುದಿತ್ತು. ಆದರೆ ಅವನು ಪ್ಯಾಂಟು ಬಚ್ಚಿಡುವ ಹೊತ್ತಿಗೆ ಕೊಂಚ ಆಚೆ ತಾನು ಉಪ್ಪು ಉಜ್ಜುತ್ತಿದ್ದೆನಲ್ಲ ಎಂದು ನೆನಪಾಗಿ ಎಂಜಲು ನುಂಗಿಕೊಂಡಳು.

“ಠಾಣೆಗೆ ಬಂದು ಹೇಳ್ತೀಯಾ?”

“ಮನೆ ಅವರದ್ದು ದೊಡ್ಡಮ್ಮ. ಬೆಳೆದ ಹೆಣ್ಣುಮಕ್ಕಳನ್ನ ಕಟ್ಕೊಂಡು ಯಾವ ಬೀದೀಲಿ ನಿಲ್ಲಲಿ? ಬೇಕಾದ್ರೆ ಕಾಲಲ್ಲಿರೋದು ತಗೊಂಡು ಹೊಡಿ. ಠಾಣೆಗೆ ಮಾತ್ರ ಕರೀಬೇಡ.”

ದೊಡ್ಡಮ್ಮ ಒಬ್ಬಳೇ ಹೋದಳು. ಠಾಣೆಯ ಕಡತದಲ್ಲಿ ಜಾರಿ ಬಿದ್ದು ಸತ್ತಳು ಎನ್ನುವುದನ್ನು ಹೊಡೆದು ಹಾಕಿ, ಕೊಂದರು ಎಂದು ಬರೆಯಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ. ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿಕೊಂಡಿದ್ದಳು.

ಇನ್ಸ್‌ಪೆಕ್ಟರ್ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಕಿವಿಯಲ್ಲಿ ಬೆಂಕಿಕಡ್ಡಿ ಆಡಿಸುತ್ತಿದ್ದ.

“ನೋಡಿದವರು ಯಾರು?”

ದೊಡ್ಡಮ್ಮ ಇಸ್ತ್ರಿ ಮಾವನ ಹೆಣ್ಣುಮಕ್ಕಳನ್ನು ನೆನೆದಳು. “ಅವನ ಅಂಗಿ ಮೇಲೆ ರಕ್ತ ಇತ್ತು ಸಾರ್.”

“ಹೌದಾ. ಎಲ್ಲಿ ಅಂಗಿ?”

“ಒಗೆದಾಯ್ತು ಸಾರ್.”

“ಯಾರು ಒಗೆದ್ರು?”

“ನಾನೇ.”

ಕಡ್ಡಿ ನಿಂತಿತು. ಇನ್ಸ್‌ಪೆಕ್ಟರ್ ಕಾನ್‌ಸ್ಟೇಬಲ್ ಕಡೆ ತಿರುಗಿದ. “ಕೇಳಿದ್ಯೇನಯ್ಯಾ? ಸಾಕ್ಷೀನ ಕೈಯಾರೆ ತಿಕ್ಕಿ ತೊಳೆದು, ಈಗ ಕಂಪ್ಲೇಂಟ್ ಕೊಡೋಕೆ ಬಂದಿದ್ದಾಳೆ ಮಹಾತಾಯಿ.” ಕಾನ್‌ಸ್ಟೇಬಲ್ ಮೇಲಧಿಕಾರಿಯ ನಗು ಎಷ್ಟು ಹೊತ್ತು ನಡೆಯುತ್ತದೆಂದು ನೋಡಿಕೊಂಡು ಅಷ್ಟೇ ಹೊತ್ತು ನಕ್ಕ.

“ಸಾಕ್ಷಿ ನಾಶ ಮಾಡಿದ್ದಕ್ಕೆ ನಿನ್ನನ್ನೇ ಒಳಗೆ ಹಾಕ್ಬೇಕು. ಅನ್ನ ಹಾಕೋ ಮನೆ ಮೇಲೆ ಗೂಬೆ ಕೂರಿಸ್ತೀಯಾ? ನಡಿ. ಏಯ್, ನಿಲ್ಲು. ಹೇಗೂ ಬಂದಿದ್ದೀಯ, ಠಾಣೆ ಬಟ್ಟೆ ಗಂಟು ಅಲ್ಲಿದೆ, ಹೊತ್ಕೊಂಡು ಹೋಗು. ಗಾಡಿ ಕಳಿಸೋದು ತಪ್ಪುತ್ತೆ.”

ದೊಡ್ಡಮ್ಮ ಗಂಟು ಹೊತ್ತುಕೊಂಡಳು. ಬೇಡ ಎನ್ನುವ ಮಾತು ಗೇಟು ದಾಟಿದ ಮೇಲೆ ಹೊಳೆಯಿತು. ಊರ ಮಧ್ಯೆ ಆ ಗಂಟು ಹೊತ್ತು ನಡೆಯುವಾಗ ಅವಳಿಗೆ ಚಟಾಕು ಸತ್ತಾಗಲೂ ಬಾರದಿದ್ದ ಅಳು ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ತೊಟ್ಟಿಯ ಹತ್ತಿರ ಗಂಟು ಇಳಿಸಿ ಬಿಚ್ಚಿದಳು. ಮೇಲುಗಡೆಯೇ ಇನ್ಸ್‌ಪೆಕ್ಟರನ ಸಮವಸ್ತ್ರ, ಎದೆಯ ಮೇಲೆ ಹೆಸರಿನ ಪಟ್ಟಿ. ತೋಳಿನ ತುದಿಯಲ್ಲಿ ಒಣಗಿದ ರಕ್ತ. ಅವನ ಮೈಮೇಲೆ ಒಂದು ಗೀರೂ ಇರಲಿಲ್ಲ, ಆಗಷ್ಟೇ ನೋಡಿ ಬಂದಿದ್ದಳು. ಕೈ ತಾನಾಗಿ ಉಪ್ಪಿನ ಡಬ್ಬಕ್ಕೆ ಹೋಯಿತು. ದೊಡ್ಡಮ್ಮನಿಗೆ ತನ್ನ ಕೈಯ ಮೇಲೆಯೇ ಹೇಸಿಗೆಯಾಯಿತು. ಎಷ್ಟು ವರ್ಷದಿಂದ, ಯಾರ್ಯಾರದ್ದನ್ನು ತಿಕ್ಕಿ ತೆಗೆದಿತ್ತೋ ಈ ಕೈ. ಡಬ್ಬ ತೆಗೆದು ಮೋರಿಗೆ ಸುರಿದಳು.

ಆಮೇಲೆ ಆ ಸಮವಸ್ತ್ರವನ್ನು ಹಾಗೇ ಕೊಡವಿ, ರಸ್ತೆಗೆ ಕಾಣುವ ಮುಂದಿನ ಹಗ್ಗಕ್ಕೆ ಹಾಕಿದಳು. ಹೆಸರಿನ ಪಟ್ಟಿ ರಸ್ತೆಯ ಕಡೆಗೆ ಬರುವಂತೆ ತಿರುಗಿಸಿದಳು.

ನೀಲಕ್ಕ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಒಗೀಲಿಲ್ವಲ್ಲೇ ಇದನ್ನ?”

“ಇಲ್ಲ. ಇನ್ಮೇಲೆ ರಕ್ತ ಒಗೆಯಲ್ಲ.”

“ಆಸ್ಪತ್ರೆಯವರದ್ದು?”

“ಅದನ್ನ ಒಗೆಯೋಣ. ಅದು ಹೇಳ್ಕೊಂಡು ಬಂದ ರಕ್ತ. ಹೇಳದೆ ಬಂದಿದ್ದು ಮಾತ್ರ ಹೀಗೇ ವಾಪಸ್ಸು.”

ನೀಲಕ್ಕ ಒಳಗೆ ಹೋಗಿ, ಅಕ್ಕಿ ವ್ಯಾಪಾರಿಯ ಮನೆಯ ಗಂಟಿನಿಂದ ಒಂದು ಪುಟ್ಟ ಲಂಗ ತಂದಳು. ಅವರ ಮನೆಗೆಲಸದ ಹುಡುಗಿಯದು. ಹಿಂಭಾಗದಲ್ಲಿ ಬೆತ್ತದ ಗೆರೆಗಳು ಬಟ್ಟೆಗೂ ಮೂಡಿದ್ದವು. ಅದನ್ನು ಸಮವಸ್ತ್ರದ ಪಕ್ಕಕ್ಕೆ ಹಾಕಿ, ಮನೆಯವರ ಹೆಸರು ಬರೆದಿದ್ದ ಗಂಟಿನ ಚೀಟಿಯನ್ನೂ ಅದಕ್ಕೇ ಸಿಕ್ಕಿಸಿದಳು. ಬಾಯ್ಲರ್ ತಾತ ಶಾಲೆ ಮೇಷ್ಟರ ಅಂಗಿ ತಂದ, ತೋಳಿನ ಮೇಲೆ ರಕ್ತದ ಚುಕ್ಕೆಗಳು. ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಹಗ್ಗ ತುಂಬಿತು. ಮಾಲೀಕನ ಮನೆಯ ದಿಂಬಿನ ಗವಸು ಕೂಡ ಬಂತು. ಅವನ ಹೆಂಡತಿ ಮೆಟ್ಟಿಲಿಂದ ಬಿದ್ದೆ ಎಂದಿದ್ದು ಇದೇ ವಾರ.

ದಾರಿಯಲ್ಲಿ ಹೋಗುವವರು ಮೊದಲು ನಿಧಾನಿಸಿದರು, ಆಮೇಲೆ ನಿಂತರು. ಬಸ್ಸೊಂದು ನಿಂತು, ಜನ ಕಿಟಕಿಯಿಂದ ತಲೆ ಹೊರಗೆ ಹಾಕಿ ಚೀಟಿಗಳನ್ನು ಗಟ್ಟಿಯಾಗಿ ಓದತೊಡಗಿದರು. ಸುದ್ದಿ ಮುಟ್ಟಿ ಮಾಲೀಕ ಓಡಿ ಬಂದ, ಹಿಂದೆ ಸೂಪರ್‌ವೈಸರ್.

“ಕೀಳ್ರೋ ಅದನ್ನ, ಸೂಳೆಮಕ್ಕಳಾ,” ಎಂದು ಸೂಪರ್‌ವೈಸರ್ ಹಗ್ಗಕ್ಕೆ ಕೈ ಹಾಕಿದ.

ಇಸ್ತ್ರಿ ಮಾವ ಕೋಣೆಯಿಂದ ಹೊರಗೆ ಬಂದಿದ್ದ. ಕೆಲಸದ ಮಧ್ಯೆಯೇ ಎದ್ದು ಬಂದವನ ಹಾಗೆ ಕೈಯಲ್ಲಿ ಕಾದ ಇಸ್ತ್ರಿ ಪೆಟ್ಟಿಗೆ ಇತ್ತು. ಅವನು ಅದನ್ನು ಎತ್ತಲಿಲ್ಲ, ಬೀಸಲಿಲ್ಲ. ಹಗ್ಗಕ್ಕೂ ಸೂಪರ್‌ವೈಸರನಿಗೂ ನಡುವೆ ಬಂದು ನಿಂತ, ಅಷ್ಟೇ. ಸೂಪರ್‌ವೈಸರ್ ಕೈ ಹಿಂದಕ್ಕೆ ತೆಗೆದುಕೊಂಡ.

ಜೀಪು ಬಂತು. ಇನ್ಸ್‌ಪೆಕ್ಟರ್ ಇಳಿದು ಮೊದಲು ಜನರನ್ನು ನೋಡಿದ, ಆಮೇಲೆ ಹಗ್ಗದ ಮೇಲೆ ತನ್ನ ಹೆಸರನ್ನು ನೋಡಿದ.

“ಏನಿದು ನಾಟಕ?”

“ನಾನು ನೋಡಿದ್ದೀನಿ ಸಾರ್,” ಎಂದ ಇಸ್ತ್ರಿ ಮಾವ. ಅದು ಬಸ್ಸಿನವರೆಗೂ ಕೇಳಿಸಿತು. “ಚಟಾಕು ಜಾರಿ ಬೀಳ್ಲಿಲ್ಲ. ಇವನು ಗಳದಲ್ಲಿ ಹೊಡೆದು ಕೊಂದು ತೊಟ್ಟಿಗೆ ಹಾಕ್ದ. ಬರ್ಕೊಳ್ಳಿ.”

“ನಾಳೆಯಿಂದ ನಿನಗೆ ಮನೆ ಇಲ್ಲ,” ಎಂದ ಮಾಲೀಕ.

“ಗೊತ್ತು,” ಎಂದ ಇಸ್ತ್ರಿ ಮಾವ.

“ಠಾಣೆಗೆ ಬಾ, ಅಲ್ಲಿ ಮಾತಾಡೋಣ,” ಎಂದ ಇನ್ಸ್‌ಪೆಕ್ಟರ್.

“ಇಲ್ಲೇ ಬರ್ಕೊಳ್ಳಿ ಸಾರ್. ಎಲ್ಲರೂ ಇದ್ದಾರೆ.”

ಇನ್ಸ್‌ಪೆಕ್ಟರ್ ಬರೆದುಕೊಳ್ಳಲಿಲ್ಲ. ಅವನ ಕಣ್ಣು ತೋಳಿನ ಆ ಕಂದು ಕಲೆಯನ್ನು ಬಿಟ್ಟು ಕದಲಲಿಲ್ಲ. ಬಸ್ಸಿನ ಡ್ರೈವರ್ ಇಂಜಿನ್ ನಿಲ್ಲಿಸಿದ.

“ಒಣಗಿದೆ ಸಾರ್,” ಎಂದಳು ದೊಡ್ಡಮ್ಮ. “ತಗೊಂಡು ಹೋಗಿ.”

ಹಗ್ಗ ಅವನ ಕೈಗೆ ಎಟಕುವ ದೂರದಲ್ಲೇ ಇತ್ತು. ಅವನು ಕೈ ಚಾಚಲಿಲ್ಲ. ದೊಡ್ಡಮ್ಮ ಕಾಯಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು ಮುಂದಿನ ಗಂಟು ಬಿಚ್ಚತೊಡಗಿದಳು.