ತೆಳ್ಳಗಾದ ಸೋಪು

ಸ್ಪೆಸಿಯೋಜಾ ಸಾವಿನ ಮನೆಯ ಹಿತ್ತಲಲ್ಲಿ ಕೂತು ಮಟೋಕೆ ಬಾಳೆಕಾಯಿಯ ಸಿಪ್ಪೆ ಹೆರೆಯುತ್ತಿದ್ದಳು. ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸು ಕೈಯ ಅಂಟನ್ನು ಎಲೆಗೆ ಒರೆಸುತ್ತ ನಕ್ಕಳು.

"ಪಾಪ, ನೀರು ನಕಾವುಂಡೆ ಹೋಗೇಬಿಟ್ಲು. ನಮ್ಮ ನ್ಯೆಂಡೊ ಸಂತೇಲಿ ಇನ್ನು ಸೋಪಿಗೆ ನೀರು ಬೆರೆಸೋರು ಯಾರೇ?"

"ಸುಮ್ನಿರೇ, ಹೆಣ ಇನ್ನೂ ಒಳಗಿದೆ," ಅಂದಳು ಇನ್ನೊಬ್ಬಳು. ಅವಳೂ ನಗುತ್ತಲೇ ಇದ್ದಳು.

ಸ್ಪೆಸಿಯೋಜಾ ತಲೆಯೆತ್ತದೆ ಇನ್ನೊಂದು ಕಾಯಿ ಕೈಗೆತ್ತಿಕೊಂಡಳು. 'ನೀರು' ಎಂಬ ಆ ಅಡ್ಡಹೆಸರು ಇಟ್ಟವಳು ಬೇರೆ ಯಾರೂ ಅಲ್ಲ, ಅವಳೇ.

*

ಎಷ್ಟೋ ವರ್ಷಗಳ ಹಿಂದೆ ಅವಳೂ ನಕಾವುಂಡೆಯೂ ಕೂಡಿ ಪಾತ್ರೆ ತೊಳೆಯುವ ಸೋಪು ಮಾಡಿ ಬಾಟಲಿಯಲ್ಲಿ ಮಾರುತ್ತಿದ್ದರು. ಮಂದ ಬರಿಸುವ ಪುಡಿಯನ್ನು ನೀರಲ್ಲಿ ನೆನೆಹಾಕಿದರೆ ಅದು ಗಂಜಿಯಂತೆ ಉಬ್ಬುತ್ತಿತ್ತು. ಆಮೇಲೆ ನೊರೆ ಕೊಡುವ ಸೋಪಿನ ಮುದ್ದೆ, ಚೂರು ಉಪ್ಪು. ಸಂತೆಯ ಜನ ಬಾಟಲಿಯನ್ನು ತಲೆಕೆಳಗು ಮಾಡಿ ನೋಡುವವರು. ನಿಧಾನಕ್ಕೆ ಇಳಿದರೆ ಸೋಪು, ಸರ್ರನೆ ಇಳಿದರೆ ಮೋಸ.

ಒಮ್ಮೆ ದೊಡ್ಡ ಗಿರಾಕಿ ಬಂದಾಗ, ಇನ್ನಷ್ಟು ಮಂದವಾಗಲಿ ಎಂದು ಸ್ಪೆಸಿಯೋಜಾ ಯಾರಿಗೂ ಹೇಳದೆ ಪೀಪಾಯಿಗೆ ಇನ್ನೊಂದು ಪಾಲು ಮುದ್ದೆ ಸುರಿದು ಮನೆಗೆ ಹೋದಳು. ಬೆಳಗ್ಗೆ ನೋಡಿದರೆ ಸೋಪು ನೀರಾಗಿತ್ತು.

"ನೀರು ಹೊಯ್ದೆಯೇನೇ, ಕಳ್ಳಿ?" ಎಂದು ನಕಾವುಂಡೆಯ ಮೇಲೆ ಎರಗಿದಳು.

"ನಿನ್ನಾಣೆ, ಒಂದು ಹನೀನೂ ಹಾಕಿಲ್ಲ ಕಣೇ. ನೀನೇನಾದ್ರೂ ಹಾಕಿದ್ಯಾ?"

"ನಾನು ಹಾಕಿದ್ದು ಸೋಪು! ಸೋಪು ಹಾಕಿದ್ರೆ ಎಲ್ಲಾದ್ರೂ ತೆಳ್ಳಗಾಗುತ್ತಾ?" ಎಂದು ಸ್ಪೆಸಿಯೋಜಾ ಸಂತೆಗೆಲ್ಲ ಕೇಳುವಂತೆ ಕಿರುಚಿದ್ದಳು. ಅಂದಿನಿಂದ ಸಂತೆಯಲ್ಲಿ ಅವಳು 'ನೀರು ನಕಾವುಂಡೆ' ಆದಳು, ಇಬ್ಬರೂ ಬೇರೆಯಾದರು.

ವರ್ಷಗಳ ಮೇಲೆ ಒಬ್ಬಳೇ ಮಾಡುತ್ತಿದ್ದಾಗ, ಅದೇ ದುರಾಸೆಗೆ ಮತ್ತಷ್ಟು ಮುದ್ದೆ ಹಾಕಿದಳು. ಮಂದವಾಗಿದ್ದ ಸೋಪು ಅವಳ ಕಣ್ಣೆದುರೇ ತೆಳ್ಳಗಾಗುತ್ತ ಹೋಯಿತು. ದೂರುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಹೋಗಿ ನಕಾವುಂಡೆಯ ಮುಂದೆ ಮಂಡಿಯೂರಬೇಕು ಅಂದುಕೊಂಡಳು. ನಾಳೆ, ನಾಳೆ ಎನ್ನುತ್ತ ಹೋಗಲೇ ಇಲ್ಲ. ಎಂಥ ಹಾಳು ನಾಚಿಕೆ ಅದು!

*

ಸಮಾಧಿಯ ಬಳಿ ಹಿರಿಯರೊಬ್ಬರು, "ಇವಳ ಜೊತೆ ದುಡಿದವರು ಯಾರಾದ್ರೂ ಎರಡು ಮಾತಾಡಿ," ಎಂದರು.

ಸ್ಪೆಸಿಯೋಜಾ ಎದ್ದಳು.

"ನಕಾವುಂಡೆ ನೀರು ಹಾಕಿರ್ಲಿಲ್ಲ. ನಾನೇ ಮುದ್ದೆ ಹೆಚ್ಚು ಹಾಕಿ ಕೆಡಿಸ್ದೆ. ಅಳತೆ ಮೀರಿದ್ರೆ ಅದು ತೆಳ್ಳಗಾಗುತ್ತೆ. ನಂಗೆ ಗೊತ್ತಾಗಿ ಎಷ್ಟೋ ಕಾಲ ಆಯ್ತು. ಹೇಳ್ಲಿಲ್ಲ."

ಮೀನಿನವಳು ತಲೆ ತಗ್ಗಿಸಿದಳು. ಮಣ್ಣು ಹಾಕಿಯಾದ ಮೇಲೆ ಸತ್ತವಳ ಮಗಳು ನಂತೊಂಗೊ ಹತ್ತಿರ ಬಂದಳು.

"ಅಮ್ಮಂಗೆ ಗೊತ್ತಿತ್ತು ಚಿಕ್ಕಮ್ಮ. ನೀವು ಬೈದ ವಾರಾನೇ ಬೋಗುಣೀಲಿ ಸೋಪು ಮಾಡಿ, ಮುದ್ದೆ ಹೆಚ್ಚು ಹಾಕಿ ನೋಡಿದ್ಳು."

"ಮತ್ತೆ ಯಾಕೆ ಸುಮ್ನಿದ್ಳು?"

"ನಾನೂ ಕೇಳ್ದೆ. 'ಅವಳೂ ಸೋಪು ಮಾಡೋಳೇ ಅಲ್ವಾ, ಒಂದಿನ ತಾನೇ ಕೆಡಿಸ್ಕೋತಾಳೆ, ಆಗ ಓಡಿ ಬರ್ತಾಳೆ' ಅಂತಿದ್ಳು. ಬನ್ನಿ."

ಹಿಂದಿನ ಚಪ್ಪರದಲ್ಲಿ ಪೀಪಾಯಿಗೆ ಒರಗಿಸಿ ಸೋಪು ತಿರುವುವ ಒಂದು ಮರದ ಹುಟ್ಟು ನಿಂತಿತ್ತು. ಇಬ್ಬರೂ ಬೇರೆಯಾದ ಮೇಲೆ ನಕಾವುಂಡೆ ಬಡಗಿಗೆ ಹೇಳಿ ಮಾಡಿಸಿದ್ದಂತೆ. ಇಬ್ಬರು ಎದುರುಬದುರು ನಿಂತು ತಿರುವುವಂತೆ ಅದಕ್ಕೆ ಎರಡು ಹಿಡಿ. ಒಂದು ಹಿಡಿ ಅಂಗೈ ಉಜ್ಜಿ ಉಜ್ಜಿ ಸವೆದು ಹೊಳೆಯುತ್ತಿತ್ತು. ಇನ್ನೊಂದರ ಮೇಲೆ ಬಡಗಿಯ ಉಳಿಯ ಗೀರುಗಳು ಹಾಗೇ ಇದ್ದವು.