ಮಿಸ್‌ನ ಕೊನೆಯ ಅರ್ಥ

ಆ ನಿಘಂಟು ಕಚೇರಿಯಲ್ಲಿ ಒಂದು ವಿಚಿತ್ರ ಪದ್ಧತಿ. ಇಂಗ್ಲಿಷ್ ಪದಕ್ಕೆ ಅರ್ಥ ಬರೆದರೆ ಸಾಲದು, ಕೆಳಗೆ ಕೊಡುವ ಉದಾಹರಣೆ ಯಾರೋ ನಿಜವಾಗಿ ಆಡಿದ, ಬರೆಯುವವರು ಕಿವಿಯಾರೆ ಕೇಳಿದ ಮಾತೇ ಆಗಿರಬೇಕು. ಹಿರಿಯ ಸಂಪಾದಕರ ಹಟ ಅದು. ಅವರೊಂದಿಗೆ ವಾದ ಮಾಡಿ ಗೆದ್ದವರು ಇನ್ನೂ ಹುಟ್ಟಬೇಕಿತ್ತು.

ಅಂದು ಕಿರಿಯ ಸಂಪಾದಕಿಯ ಪಾಲಿಗೆ ಬಂದದ್ದು 'ಮಿಸ್'. ಬಸ್ಸು ತಪ್ಪಿದ್ದಕ್ಕೆ ಕಾವಲುಗಾರನ ಗೋಳು ಸಿಕ್ಕಿತು. ಗುರಿ ತಪ್ಪುವುದಕ್ಕೆ ಕಸದ ಬುಟ್ಟಿಗೆ ಕಾಗದದ ಉಂಡೆ ಎಸೆಯುವ ಗುಮಾಸ್ತನಿದ್ದ. ಮಕ್ಕಳು ಟೀಚರನ್ನು ಕರೆಯುವುದಂತೂ ಎದುರಿನ ಶಾಲೆಯಿಂದ ದಿನವಿಡೀ ಕೇಳುತ್ತಿತ್ತು. ಉಳಿದದ್ದು ಒಂದೇ ಅರ್ಥ, ಜೊತೆಗಿಲ್ಲದವರಿಗಾಗಿ ಮನಸ್ಸು ಹಂಬಲಿಸುವುದು. ಅದನ್ನು ಬಾಯಿಬಿಟ್ಟು ಹೇಳಿದವರನ್ನು ಅವಳು ಕಂಡೇ ಇರಲಿಲ್ಲ.

ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಕಾಲು ಚಾಚಿ ಮಲಗಿತ್ತು. ಫ್ಯಾನಿನ ಗುಂಯ್‌ಗುಡುವ ಸದ್ದಿಗೆ ಅವಳ ಕಣ್ಣು ಎಳೆಯಿತು. ಅರೆನಿದ್ದೆಯಲ್ಲಿ ಆ ಪದ ಹಾಳೆಯಿಂದೆದ್ದು ಬೀದಿಗಿಳಿಯಿತು, ಅವಳ ಮನೆಯ ಮೆಟ್ಟಿಲು ಹತ್ತಿತು, ಅಕ್ಕನ ಹಾಸಿಗೆಯ ಬಳಿ ಹೋಗಿ ಸುಮ್ಮನೆ ನಿಂತಿತು. ಹಾಸಿಗೆ ಸುತ್ತಿಟ್ಟಿತ್ತು. ಅವಳು ದಿಗ್ಗನೆ ಎಚ್ಚೆತ್ತಳು.

ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ನರ್ಸ್. ದೂರದ ಆಸ್ಪತ್ರೆಗೆ ವರ್ಗವಾಗಿ ಇವತ್ತು ಸಂಜೆಯೇ ಹೊರಡುವವಳು. ಅವಳ ಬಾಯಿಂದ ಆ ಒಂದು ಮಾತು ಕೇಳದಿದ್ದರೆ ತನ್ನ ಜೀವಕ್ಕೆ ಸಮಾಧಾನವಿಲ್ಲ ಎನಿಸಿತು ತಂಗಿಗೆ. ನಿಘಂಟಿನ ನೆಪ ಹೇಗೂ ಇತ್ತು. ಬೇಗನೆ ಮನೆಗೆ ಓಡಿದಳು.

ಅಕ್ಕ ಪೆಟ್ಟಿಗೆ ಮುಚ್ಚಲು ಒದ್ದಾಡುತ್ತಿದ್ದಳು.

"ಅಕ್ಕಾ, ಅಲ್ಲಿಗೆ ಹೋದ್ಮೇಲೆ ನಿಂಗೆ ಏನನ್ಸುತ್ತೆ?"

"ಏನನ್ಸೋದು? ಸೊಳ್ಳೆ ಜಾಸ್ತಿ ಅನ್ಸುತ್ತೆ. ಬಾ, ಇದ್ರ ಮೇಲೆ ಕೂತ್ಕೋ."

ತಂಗಿ ಪೆಟ್ಟಿಗೆಯ ಮೇಲೆ ಕೂತಳು. "ಇಲ್ಲಿಯವ್ರು ಯಾರೂ ನೆನಪಾಗಲ್ವಾ?"

"ಆಗ್ತಾರೆ. ಹಾಲಿನವನು."

ತಂಗಿಗೆ ಅಳು ಒತ್ತರಿಸಿ ಬಂತು. ನಿಘಂಟು ಗಿಘಂಟು ಎಲ್ಲ ಮರೆತೇಹೋಯಿತು. "ನೀನಿಲ್ದಿದ್ರೆ ಮನೆ ಬಿಕೋ ಅನ್ನುತ್ತೆ ಕಣೇ. ನಂಗೆ ಆಗಲ್ಲ. ಹೋಗ್ಬೇಡ."

ಬೀಗ ಹಾಕುತ್ತಿದ್ದ ಅಕ್ಕನ ಕೈ ನಿಂತಿತು.

"ವರ್ಗ ಬೇಡ ಅಂತ ಬರ್ಕೊಡೋಕೆ ನಿನ್ನೆವರೆಗೂ ಟೈಮಿತ್ತು. ನೀನು ಒಂದ್ಸಲ ಹೋಗ್ಬೇಡ ಅಂತೀಯೇನೋ ಅಂತ ದಿನಾ ಕಾದೆ. ನೀನು ನೋಡಿದ್ರೆ ನಗ್ತಾ ಹೊಸಾ ಪೆಟ್ಟಿಗೆ ತಂದ್ಕೊಟ್ಟೆ."

"ನಾನು ಅತ್ರೆ ನಿಂಗೆ ಹೋಗೋಕೆ ಕಷ್ಟ ಆಗುತ್ತೆ ಅಂತ..."

"ಹುಚ್ಚಿ" ಎಂದಳು ಅಕ್ಕ.

ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಅಕ್ಕ ಏಳಲಿಲ್ಲ. ತಂಗಿಯೂ ಪೆಟ್ಟಿಗೆಯಿಂದ ಇಳಿಯಲಿಲ್ಲ.