ಗೆರೆಯಾಚೆಯ ಖಾಲಿ

ಮಧ್ವೇಶನ ಬ್ಯಾಗು ಇನ್ನೂ ಕುರ್ಚಿಯ ಮೇಲೇ ಇದೆ, ಗಾಜಿನಾಚೆ ಕೊಟ್ರಪ್ಪ ಸಾರ್ ಕೈ ಬೀಸಿ ಬೀಸಿ ಅವನಿಗೆ ಬೈಯುತ್ತಿದ್ದಾರೆ, ಬೈಯಲಿ, ಪಂಕಜಾ ಸುಳ್ಳು ದೂರು ಕೊಟ್ಟಿಲ್ಲ, ನಿನ್ನೆ ಮಗಳು ಅಪೂರ್ವಳನ್ನು ಸ್ಕೂಲಿನಿಂದ ಮೂಡಲಪಾಳ್ಯದ ಮನೆಗೆ ಬಿಟ್ಟು ವಿಜಯನಗರದ ಈ ಆಫೀಸಿಗೆ ಓಡಿ ಬಂದಾಗ ಅವನು ಅವಳ ಕುರ್ಚಿಯಲ್ಲೇ ಕೂತಿದ್ದ, ಪ್ರಿಂಟರ್ ಚೆಕ್ ಮಾಡ್ತಿದ್ದೆ ಆಂಟಿ, ಆಂಟಿಯಂತೆ, ಪ್ರಿಂಟರಿಗೆ ಅವಳ ಕೀಬೋರ್ಡ್ ಯಾಕೆ — ಶಾಲೆಯವರು ಪೋಷಕರ ಮೊಬೈಲಿಗೆ ಕಳಿಸಿ ಎಂದದ್ದು ಇಷ್ಟೇ, ನಾಳೆ ಶಾಲೆಗೆ ರಜೆ ಇರುವುದಿಲ್ಲ, ಮೆಸೇಜು ಕಳಿಸುವ ಪ್ರೋಗ್ರಾಮಿನ ಕೋಡಿನಲ್ಲಿ ಸಾಲು ಉದ್ದವಾಯಿತೆಂದು ರಜೆಯ ಪಕ್ಕ ಬ್ಯಾಕ್‌ಸ್ಲ್ಯಾಶ್ ಹಾಕಿ ಉಳಿದದ್ದನ್ನು ಕೆಳಗೆ ಬರೆದಳು, ಎಡಕ್ಕೆ ವಾಲಿದ ಆ ಗೆರೆ ಇದ್ದರೆ ಮಾತು ಮುಗಿದಿಲ್ಲ, ಕೆಳಸಾಲನ್ನು ಸೇರಿಸಿಕೋ ಎಂದರ್ಥ, ಆದರೆ ಗೆರೆಯಾದ ಮೇಲೆ ಒಂದೇ ಒಂದು ಸ್ಪೇಸ್ ನುಸುಳಿದರೂ ಸಾಲು ಸೇರದು, ಸೇರಲಿಲ್ಲ, ಮೊದಲ ಸಾಲಷ್ಟೇ ಹೋಯಿತು, ನಾಳೆ ಶಾಲೆಗೆ ರಜೆ, ಇಲ್ಲವನ್ನು ಕೊನೆಯಲ್ಲಿಟ್ಟುಕೊಂಡ ಭಾಷೆ ನಮ್ಮದು, ಅರ್ಧ ಶಾಲೆ ಮನೆಯಲ್ಲೇ ಉಳಿಯಿತು. ಪಕ್ಕದ್ಮನೆ ಚಿಕ್ಕಗಂಗಮ್ಮ ಮೊಬೈಲ್ ಮುಖಕ್ಕೇ ಹಿಡಿದಳು, ಊರಿಗೆಲ್ಲ ರಜೆ ಕೊಟ್ಬಿಟ್ಟು ನಿಮ್ ಮಗಳನ್ನ ಮಾತ್ರ ಸ್ಕೂಲಿಗೆ ಅಟ್ತೀರಲ್ರೀ, ಚೆನ್ನಾಗಿದೆ ಕಣ್ರೀ ನಿಮ್ ಕಂಪ್ಯೂಟ್ರು — ರಜೆ, ಅದರ ಪಕ್ಕ ವಾಲಿದ ಗೆರೆ — ಕಣ್ಣಿಗೆ ಕಾಣದ ಆ ಖಾಲಿಯನ್ನು ಬೇಕೆಂದೇ ತುರುಕಿದವನು ಅವನಲ್ಲದೆ ಯಾರು, ಇನ್ನೂ ಪ್ರೊಬೇಷನ್, ಅವಳ ಜಾಗದ ಮೇಲೇ ಕಣ್ಣು, ಬೆಳಗ್ಗೆ ಸಾರ್ ಕೇಳಿದಾಗ ತಡವರಿಸಿದ, ಆ ಫೈಲ್ ನಾನು ಮುಟ್ಟಿದ್ದೇ, ಅಷ್ಟರಲ್ಲೇ ಪಂಕಜಾ ಹಿಡಿದುಕೊಂಡಳು, ನೋಡಿ ಸಾರ್, ಮುಟ್ಟಿದ್ದೆ ಅಂತ ಅವನೇ ಅಂದ. ಈಗ ಸಾಲನ್ನು ಅಳಿಸಿ ಹೊಸದಾಗಿ ಹೊಡೆಯುತ್ತಾಳೆ, ಕಣ್ಣು ಗಾಜಿನ ಮೇಲೆ, ರಜೆ, ಗೆರೆ, ಟಕ್ — ಏನದು ಟಕ್, ಯಾರು ಒತ್ತಿದ್ದು, ಹೆಬ್ಬೆರಳು ಸ್ಪೇಸ್‌ಬಾರಿನ ಮೇಲೆ, ಅವಳದೇ ಹೆಬ್ಬೆರಳು, ಎಂದೋ ಟೈಪಿಂಗ್ ಕಲಿತ ರಾಜಾಜಿನಗರದ ಇನ್‌ಸ್ಟಿಟ್ಯೂಟಿನಲ್ಲಿ ರೇವಣಸಿದ್ದಪ್ಪ ಮೇಷ್ಟ್ರು ಸ್ಕೇಲಿನಿಂದ ಮೇಜು ಕುಟ್ಟುತ್ತಾರೆ, ಯಾವ್ದೇ ಚಿಹ್ನೆ ಆದ್ಮೇಲೂ ಜಾಗ ಬಿಡ್ರಮ್ಮಾ, ಕಣ್ಣು ಹಾಳೆ ಮೇಲಿರ್ಲಿ, ಬೆರಳಿಗೇ ಗೊತ್ತಿರ್ಬೇಕು — ಬೆರಳಿಗೆ ಗೊತ್ತಿತ್ತು. ಅಳಿಸಿದರೆ ಯಾರಿಗೂ ಕಾಣದು, ಇದ್ದಾಗಲೂ ಕಾಣಲಿಲ್ಲವಲ್ಲ, ಬಾಗಿಲು ತೆರೆಯಿತು, ಅವನು ಬ್ಯಾಗು ಎತ್ತಿಕೊಂಡ, ಮುಟ್ಟಿದ್ದೇ ಇಲ್ಲ ಅಂತ ಹೇಳಕ್ ಬಂದೆ ಮೇಡಂ, ನೀವು ಪೂರ್ತಿ ಕೇಳ್ಲಿಲ್ಲ, ಬರ್ತೀನಿ, ಮೆಟ್ಟಿಲಲ್ಲಿ ಚಪ್ಪಲಿ ಸದ್ದು, ಕರೆಯಬೇಕು, ಮಧ್ವೇಶ್ ಎನ್ನಬೇಕು, ಪರದೆಯಲ್ಲಿ ಗೆರೆ, ಗೆರೆಗೆ ತಾಗದೆ ಒಂದಕ್ಷರದಷ್ಟು ದೂರದಲ್ಲಿ ಮಿನುಗುವ ಕರ್ಸರ್, ಗೆರೆ, ಖಾಲಿ, ಕರ್ಸರ್, ಗೆರೆ, ಖಾಲಿ —